ಬಿಟ್ಟಿಯ ಬೆಲೆ

'ಬಿಟ್ಟಿ' ಎಂಬ ನಮ್ಮ ಮಾತಿಗೆ ಒಂದು ವಿಚಿತ್ರವಾದ ಚರಿತ್ರೆಯುಂಟು. ಹಣ ಕೊಡದೆ ದೊರೆತದ್ದನ್ನು ನಾವು ಇಂದು ಬಿಟ್ಟಿ ಎನ್ನುತ್ತೇವೆ: ಬಿಟ್ಟಿ ಊಟ, ಬಿಟ್ಟಿ ಪ್ರಯಾಣ, ಬಿಟ್ಟಿ ಉಪದೇಶ. ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆಯ ಸಂತೋಷವೆಲ್ಲ ಆ ಮಾತಿನಲ್ಲಿದೆ. ಆದರೆ ಶಬ್ದದ ಮೂಲವನ್ನು ಹುಡುಕಿಕೊಂಡು ಹೋದರೆ ಚಿತ್ರ ತಲೆಕೆಳಗಾಗುತ್ತದೆ. ಅದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ನಮ್ಮ ಹಳೆಯ ಶಾಸನಗಳಲ್ಲಿ ಬಿಟ್ಟಿಯೆಂದರೆ ಅರಸನಿಗೋ ಊರೊಡೆಯನಿಗೋ ಪ್ರಜೆಗಳು ಕೂಲಿಯಿಲ್ಲದೆ ಸಲ್ಲಿಸಬೇಕಾಗಿದ್ದ ದುಡಿಮೆ. 'ಬಿಟ್ಟಿ ಬೇಗಾರಿ' ಎಂಬ ಜೋಡಿಮಾತಿನಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ಗುಜರಾತಿನ ಜುನಾಗಢದ ಬಂಡೆಯ ಮೇಲೆ ಕ್ರಿ.ಶ. 150ರ ಸುಮಾರಿನಲ್ಲಿ ಮಹಾಕ್ಷತ್ರಪ ರುದ್ರದಾಮ ಕೆತ್ತಿಸಿದ ಶಾಸನವಿದೆ. ಒಡೆದುಹೋಗಿದ್ದ ಸುದರ್ಶನವೆಂಬ ಕೆರೆಯನ್ನು ಸ್ವಂತ ಬೊಕ್ಕಸದಿಂದ ಕಟ್ಟಿಸಿದೆನೆಂದೂ, ಅದಕ್ಕಾಗಿ ಪ್ರಜೆಗಳನ್ನು ಕರದಿಂದ, ವಿಷ್ಟಿಯಿಂದ, 'ಪ್ರಣಯ'ದಿಂದ ಪೀಡಿಸಲಿಲ್ಲವೆಂದೂ ಆತ ಹೇಳಿಕೊಂಡಿದ್ದಾನೆ. ಈ ಪ್ರಣಯದ ವಿಚಾರಕ್ಕೆ ಕೊನೆಯಲ್ಲಿ ಬರೋಣ.

ಒಂದೇ ಮಾತು ಒಮ್ಮೆ ಕೊಡುವವನ ಕಷ್ಟವನ್ನು ಹೇಳುತ್ತಿತ್ತು. ಈಗ ಪಡೆಯುವವನ ಲಾಭವನ್ನು ಹೇಳುತ್ತದೆ. ಗಣಕಯಂತ್ರದಲ್ಲಿ, ಮೊಬೈಲಿನಲ್ಲಿ ನಾವೆಲ್ಲ ಬೆಲೆಯಿಲ್ಲದೆ ಬಳಸುವ ತಂತ್ರಾಂಶಗಳ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಅಲ್ಲಿ ಎರಡು ಅರ್ಥಗಳೂ ಒಟ್ಟಿಗೆ ನಿಂತಿವೆ. ನಾವು ಬಿಟ್ಟಿ ಪಡೆಯುತ್ತೇವೆ. ಅದೇ ಕೈಯಲ್ಲಿ, ನಮಗೆ ತಿಳಿಯದಂತೆ, ಬಿಟ್ಟಿ ಸಲ್ಲಿಸುತ್ತಲೂ ಇರುತ್ತೇವೆ. ಈ ಏರ್ಪಾಡು ಹೇಗೆ ಬಂದಿತು ಎಂಬುದನ್ನು ವಾಚಕರ ಮುಂದೆ ಕ್ರಮವಾಗಿ ಇಡಬೇಕೆಂಬುದು ನನ್ನ ಉದ್ದೇಶ.

ಯಂತ್ರದ ಜೊತೆಗೆ ಬಂದ ಕೊಡುಗೆ

ಗಣಕಯಂತ್ರದ ಆದಿಯುಗದಲ್ಲಿ ತಂತ್ರಾಂಶವನ್ನು ಕೊಳ್ಳುವ ಪದ್ಧತಿಯೇ ಅಷ್ಟಾಗಿ ಇರಲಿಲ್ಲ. ಒಂದು ಕೋಣೆಯನ್ನೇ ತುಂಬುವ ಯಂತ್ರವನ್ನು ಅಮೆರಿಕದ ಐಬಿಎಂ ಕಂಪೆನಿ ತಿಂಗಳ ಬಾಡಿಗೆಗೆ ಕೊಡುತ್ತಿತ್ತು; ಅದನ್ನು ನಡೆಸುವ ಪ್ರೋಗ್ರಾಮುಗಳು ಆ ಬಾಡಿಗೆಯಲ್ಲೇ ಸೇರಿ ಬರುತ್ತಿದ್ದವು. ಬಳಸುವವರು ತಾವೇ ಬರೆದುಕೊಂಡದ್ದನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದರು. 1955ರಲ್ಲಿ ಆ ಕಂಪೆನಿಯ 704 ಎಂಬ ಯಂತ್ರವನ್ನು ಪಡೆಯಲಿದ್ದವರು ಇದಕ್ಕಾಗಿಯೇ 'ಷೇರ್' ಎಂಬ ಸಂಘವನ್ನು ಕಟ್ಟಿದರು. ನೆರೆಮನೆಯವರು ಹೆಪ್ಪು ಕೇಳಿದರೆ ಒಂದು ಚಮಚ ಮೊಸರು ಕೊಡುತ್ತೇವೆ. ನಮ್ಮ ಮನೆಯ ಗಡಿಗೆ ಅದರಿಂದ ಬರಿದಾಗುವುದಿಲ್ಲ. ತಂತ್ರಾಂಶದ ಸ್ವಭಾವವೂ ಹಾಗೆಯೇ.

1969ನೆಯ ಇಸವಿ ಜನವರಿಯಲ್ಲಿ ಅಮೆರಿಕದ ಸರ್ಕಾರ ಏಕಸ್ವಾಮ್ಯದ ಆಪಾದನೆ ಹೊರಿಸಿ ಐಬಿಎಂ ಮೇಲೆ ದಾವೆ ಹೂಡಿತು. ಅದೇ ವರ್ಷ ಜೂನ್ 23ರಂದು ಕಂಪೆನಿ ತನ್ನ ಕೆಲವು ತಂತ್ರಾಂಶಗಳಿಗೆ ಯಂತ್ರದಿಂದ ಬೇರೆಯಾದ ಬೆಲೆ ಗೊತ್ತುಮಾಡುವುದಾಗಿ ಪ್ರಕಟಿಸಿತು. ತಂತ್ರಾಂಶವೂ ಅಂಗಡಿಯ ಸರಕಾಗಿ ಬೆಳೆದದ್ದು ಅಲ್ಲಿಂದ ಮುಂದೆ. ಸರಕಾದ ಮೇಲೆ ಕಳವಿನ ಮಾತೂ ಬರಬೇಕಷ್ಟೆ. 1976ರ ಫೆಬ್ರುವರಿಯಲ್ಲಿ, ಇನ್ನೂ 20 ವರ್ಷದ ತರುಣನಾಗಿದ್ದ ಬಿಲ್ ಗೇಟ್ಸ್, ತಮ್ಮ ಬೇಸಿಕ್ ಎಂಬ ತಂತ್ರಾಂಶವನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆಂದು ದೂರಿ ಒಂದು ಬಹಿರಂಗ ಪತ್ರ ಬರೆದರು. ಅವರ ವಾದ ಸರಳವಾದುದು: ದುಡಿದವನಿಗೆ ಕೂಲಿ ಬೇಡವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಮುಂದಿನ ಕಥೆಯೆಲ್ಲ ಅದಕ್ಕೆ ಬೇರೆಬೇರೆ ಜನ ಕೊಟ್ಟ ಬೇರೆಬೇರೆ ಉತ್ತರಗಳ ಕಥೆ.

ಕೊಡುವವರ ಎರಡು ಬಗೆ

1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ಮತ್ತು ಜಿಮ್ ನಾಫ್ ಎಂಬಿಬ್ಬರು ಸರಿಸುಮಾರು ಒಂದೇ ಕಾಲಕ್ಕೆ ಒಂದೇ ಉಪಾಯವನ್ನು ಕಂಡುಕೊಂಡರು. ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಬಳಸಿ ನೋಡಿ ಮೆಚ್ಚಿಗೆಯಾದರೆ ಒಂದು ಸಣ್ಣ ಮೊತ್ತವನ್ನು ಅಂಚೆಯಲ್ಲಿ ಕಳುಹಿಸಬೇಕು. ಫ್ಲೂಗಲ್‌ಮನ್ ಕೇಳಿದ್ದು 25 ಡಾಲರ್. ಹರಿಕಥೆ ಮುಗಿದ ಮೇಲೆ ಮಂಗಳಾರತಿಯ ತಟ್ಟೆ ಸುತ್ತಿ ಬರುವ ರೀತಿ ಇದು. ಹಾಕಿದವರು ಹಾಕಿದರು, ಹಾಕದವರು ಕೈಮುಗಿದು ಹೋದರು. ಯಾರು ಹಾಕಲಿಲ್ಲವೆಂದು ದಾಸರು ಬರೆದಿಟ್ಟುಕೊಳ್ಳಲಿಲ್ಲ.

1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತೊಂದು ದಾರಿ ತೋರಿದರು. 'ಗ್ನು' ಎಂಬ ಹೆಸರಿನ ಅವರ ಯೋಜನೆಯಲ್ಲಿ ಮುಖ್ಯವಾದುದು ಬೆಲೆಯ ಮಾತೇ ಅಲ್ಲ. ತಂತ್ರಾಂಶವನ್ನು ಬಳಸುವವನಿಗೆ ಅದರ ಒಳಗನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಇರಬೇಕೆಂಬುದು ಅವರ ತತ್ತ್ವ. ಪಾಪ, ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ 'ಫ್ರೀ' ಎಂಬ ಒಂದೇ ಮಾತು. ತಾನು ಹೇಳುತ್ತಿರುವುದು ಎರಡನೆಯದನ್ನು ಎಂದು ವಿವರಿಸುವುದರಲ್ಲೇ ಅವರ ಬಹುಪಾಲು ಆಯುಷ್ಯ ಕಳೆದಿದೆ. ನಮಗೆ ಆ ಕಷ್ಟವಿಲ್ಲ. ಉಚಿತ ಬೇರೆ, ಮುಕ್ತ ಬೇರೆ ಎಂದು ಕನ್ನಡ ಮೊದಲೇ ಬಿಡಿಸಿ ಇಟ್ಟಿದೆ. ಈ ಭೇದ ಬರಿಯ ನಿಘಂಟಿನ ಭೇದವಲ್ಲ. ಒಳಗನ್ನು ಓದಬಹುದಾದ ತಂತ್ರಾಂಶ ಹಿಂಬಾಗಿಲಿನಿಂದ ನಮ್ಮ ವಿಷಯವನ್ನು ಸಾಗಿಸುತ್ತಿದ್ದರೆ ಓದಬಲ್ಲವನೊಬ್ಬ ಎಂದಾದರೂ ಕಂಡುಹಿಡಿದಾನು. ಮುಚ್ಚಿದ ಪೆಟ್ಟಿಗೆಯನ್ನು ಪುಕ್ಕಟೆ ಕೊಟ್ಟರೆ ಆ ಭರವಸೆ ಇಲ್ಲ.

ಕನ್ನಡಿಗರಾದ ನಮಗೆ ನಿಷ್ಕಾಮವಾದ ಕೊಡುಗೆಯ ಪರಿಚಯವಿಲ್ಲದೆ ಇಲ್ಲ. ಕೆ. ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿ ಬೆರಳಚ್ಚಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಸ್ವಲ್ಪ ಮಾರ್ಪಾಟಿನೊಡನೆ ಅದೇ ಸರ್ಕಾರದ ಶಿಷ್ಟ ವಿನ್ಯಾಸವಾಗಿ, 'ನುಡಿ' ತಂತ್ರಾಂಶದಲ್ಲಿ ಬಳಕೆಗೆ ಬಂದಿತು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವನ್ನು ಊರಿನಲ್ಲೂ ಪರದೇಶದಲ್ಲೂ ಕನ್ನಡಿಗರು ಅನೇಕ ವರ್ಷ ಬೆಲೆಯಿಲ್ಲದೆ ಬಳಸಿದರು. ಆದುದರಿಂದ ಉಚಿತವಾದುದೆಲ್ಲ ಮೋಸವೆಂದು ನಾನು ಹೇಳಹೊರಟಿಲ್ಲ. ಕೊಟ್ಟವನಿಗೆ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನು ಕೇಳಿಕೊಳ್ಳಬೇಕು, ಅಷ್ಟೆ.

ಒಂದು ಚೀಟಿಯ ಕಥೆ

1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ತರುಣನ ಮುಂದೆ ಒಂದು ತೊಡಕು ಬಂದಿತು. ಅಂತರ್ಜಾಲಕ್ಕೆ ಜ್ಞಾಪಕಶಕ್ತಿಯಿರಲಿಲ್ಲ. ಪುಟವೊಂದನ್ನು ಕೇಳಿದವನಿಗೆ ಕಳುಹಿಸಿಕೊಟ್ಟ ಯಂತ್ರ ಮರುಕ್ಷಣವೇ ಅವನನ್ನು ಮರೆತುಬಿಡುತ್ತಿತ್ತು. ಹೀಗಾದರೆ ಜಾಲದಲ್ಲಿ ಅಂಗಡಿ ಇಡುವುದು ಹೇಗೆ? ಒಂದು ಸಾಮಾನನ್ನು ಬುಟ್ಟಿಗೆ ಹಾಕಿ ಎರಡನೆಯದಕ್ಕೆ ಕೈಚಾಚುವಷ್ಟರಲ್ಲಿ ಅಂಗಡಿಯವನು "ತಾವು ಯಾರು?" ಎಂದರೆ ವ್ಯಾಪಾರ ಸಾಗದು. ಮೊಂಟುಲ್ಲಿ ಸೂಚಿಸಿದ ಪರಿಹಾರ ಇದು: ಅಂಗಡಿ ಒಂದು ಸಣ್ಣ ಚೀಟಿಯನ್ನು ಬರೆದು ಗಿರಾಕಿಯ ಯಂತ್ರಕ್ಕೇ ಕೊಡುತ್ತದೆ, ಗಿರಾಕಿ ಮತ್ತೆ ಬಂದಾಗ ಅವನ ಯಂತ್ರ ಆ ಚೀಟಿಯನ್ನು ತೋರಿಸುತ್ತದೆ. ಇದಕ್ಕೆ 'ಕುಕಿ' ಎಂದು ಹೆಸರಾಯಿತು. ಒಂದು ಅಂಗಡಿಯ ಚೀಟಿಯನ್ನು ಇನ್ನೊಂದು ಅಂಗಡಿ ಓದಲಾಗದಂತೆ ಅದನ್ನು ರಚಿಸಲಾಗಿತ್ತು. ಉದ್ದೇಶ ಶುದ್ಧವಾಗಿತ್ತು.

ತೊಂದರೆ ಬಂದದ್ದು ಚಿತ್ರಗಳ ದಾರಿಯಿಂದ. ಜಾಲದ ಪುಟದಲ್ಲಿ ಕಾಣುವ ಚಿತ್ರ ಆ ಪುಟದ ಒಡೆಯನ ಮನೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ಜಾಹೀರಾತಿನ ಚಿತ್ರ ಜಾಹೀರಾತಿನ ಕಂಪೆನಿಯಿಂದ ನೇರವಾಗಿ ಬಂದೀತು. ಬರುವಾಗ ಅದೂ ತನ್ನದೊಂದು ಚೀಟಿಯನ್ನು ಕೊಟ್ಟು ಹೋದೀತು. ಒಂದೇ ಕಂಪೆನಿ ಸಾವಿರ ಪುಟಗಳಲ್ಲಿ ಜಾಹೀರಾತು ಹಾಕಿತೆನ್ನಿ. ಆಗ ಸಾವಿರ ಪುಟಗಳಲ್ಲೂ ನಮ್ಮ ಯಂತ್ರ ಅದೇ ಚೀಟಿಯನ್ನು ತೋರಿಸುತ್ತದೆ. ನಾವು ಸಂತೆಯಲ್ಲಿ ಯಾವ ಯಾವ ಅಂಗಡಿಗೆ ಹೋದೆವೆಂಬುದು ಅಂಗಡಿಯವರಿಗೆ ಬಿಡಿಬಿಡಿಯಾಗಿ ಗೊತ್ತು. ನಮ್ಮ ಬೆನ್ನಹಿಂದೆಯೇ ನಡೆದು ಬಂದ ಜಾಹೀರಾತಿನವನಿಗೆ ಒಟ್ಟಾಗಿ ಗೊತ್ತು.

ಸಾಮಾನ್ಯ ಜನಕ್ಕೆ ಈ ಚೀಟಿಯ ವಿಷಯ ತಿಳಿದದ್ದೇ 1996ರ ಫೆಬ್ರುವರಿಯಲ್ಲಿ, ಲಂಡನ್ನಿನ 'ಫೈನಾನ್ಷಿಯಲ್ ಟೈಮ್ಸ್' ಪತ್ರಿಕೆ ಅದನ್ನು ಕುರಿತು ಬರೆದಾಗ. ಮರುವರ್ಷ ಅಂತರ್ಜಾಲದ ನಿಯಮಗಳನ್ನು ರೂಪಿಸುವ ಪರಿಣತರ ಮಂಡಲಿ ಇಂಥ ಹೊರಗಿನವರ ಚೀಟಿಗಳನ್ನು ಬಳಕೆದಾರ ಕೇಳಿಕೊಂಡ ಹೊರತು ಸ್ವೀಕರಿಸಕೂಡದೆಂದು ಸಲಹೆ ಮಾಡಿತು. ಬ್ರೌಸರುಗಳನ್ನು ತಯಾರಿಸುವ ಎರಡು ದೊಡ್ಡ ಕಂಪೆನಿಗಳೂ ಅದನ್ನು ಪಾಲಿಸಲಿಲ್ಲ. ಆ ಕಾಲದ ಪರಿಸ್ಥಿತಿಯನ್ನು ನೆನೆಯಬೇಕು. ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ಪುಕ್ಕಟೆ ಹಂಚುತ್ತಿತ್ತು. ಪೈಪೋಟಿ ತಾಳಲಾರದೆ 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕೂಡ ತನ್ನದನ್ನು ಪುಕ್ಕಟೆ ಮಾಡಿತು. ಜಾಲದ ಮುಂಬಾಗಿಲಿಗೇ ಬೆಲೆಯಿಲ್ಲವೆಂದ ಮೇಲೆ ಒಳಗಿನ ಖರ್ಚನ್ನು ಯಾರೋ ಭರಿಸಬೇಕಲ್ಲ. ಜಾಹೀರಾತಿನವರು ಭರಿಸಲು ಮುಂದೆ ಬಂದರು.

ಹೆಸರನ್ನು ಅಂಟಿಸುವ ಆಸೆ

ನ್ಯೂಯಾರ್ಕಿನ ಡಬಲ್‌ಕ್ಲಿಕ್ ಎಂಬ ಕಂಪೆನಿ ಈ ಕಲೆಯಲ್ಲಿ ಬೇಗ ಪಳಗಿತು. ಮೊದಲು ಅದರ ಪುಸ್ತಕದಲ್ಲಿ ಇದ್ದದ್ದು ಸಂಖ್ಯೆಗಳು ಮಾತ್ರ. ಇಂಥ ಸಂಖ್ಯೆಯ ಯಂತ್ರ ಇಂಥ ಪುಟಗಳನ್ನು ನೋಡಿತು ಎಂದಷ್ಟೆ. 1999ರಲ್ಲಿ ಅದು ಅಬಾಕಸ್ ಡೈರೆಕ್ಟ್ ಎಂಬ ಇನ್ನೊಂದು ಕಂಪೆನಿಯನ್ನು ಕೊಂಡುಕೊಂಡಿತು. ಅಬಾಕಸ್ ಬಳಿ ಅಂಚೆಯ ಮೂಲಕ ಸಾಮಾನು ತರಿಸುತ್ತಿದ್ದ ಅಮೆರಿಕದ ಸುಮಾರು 9 ಕೋಟಿ ಮನೆಗಳ ಹೆಸರು, ವಿಳಾಸ, ಖರೀದಿಯ ವಿವರಗಳಿದ್ದವು. ಎರಡನ್ನೂ ಜೋಡಿಸಿದರೆ ಸಂಖ್ಯೆಗೆ ಹೆಸರು ಬರುತ್ತದೆ, ಹೆಸರಿಗೆ ಬೀದಿ ಬರುತ್ತದೆ. ಜನ ಗಲಾಟೆ ಎಬ್ಬಿಸಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆಗೆ ತೊಡಗಿತು. 2000ನೆಯ ಇಸವಿ ಮಾರ್ಚಿಯಲ್ಲಿ ಕಂಪೆನಿಯ ಮುಖ್ಯಸ್ಥ ಕೆವಿನ್ ಓಕಾನರ್ ತಪ್ಪಾಯಿತೆಂದು ಒಪ್ಪಿ ಆ ಯೋಚನೆಯನ್ನು ತಡೆಹಿಡಿದರು. ಜನರ ಗೆಲುವೇ ಸರಿ. ಆದರೆ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ಡಬಲ್‌ಕ್ಲಿಕ್ಕನ್ನು ಗೂಗಲ್ 310 ಕೋಟಿ ಡಾಲರಿಗೆ ಕೊಂಡುಕೊಂಡಿತು. 2008ರಲ್ಲಿ ಆ ವ್ಯವಹಾರ ಪೂರ್ಣವಾಯಿತು. ಆ ಜಾಹೀರಾತಿನ ದಾಖಲೆಯನ್ನು ಬಳಕೆದಾರರ ಹೆಸರಿನೊಡನೆ ಬೆರೆಸುವುದಿಲ್ಲವೆಂಬ ವಾಕ್ಯವೊಂದು ಗೂಗಲಿನ ನಿಯಮಾವಳಿಯಲ್ಲಿತ್ತು. 2016ರಲ್ಲಿ ಆ ವಾಕ್ಯವನ್ನು ತೆಗೆದು, ಬೆರೆಸಲೂಬಹುದೆಂದು ಬರೆಯಲಾಯಿತು. ಈ ಸಲ ಬೀದಿಯಲ್ಲಿ ಗಲಾಟೆಯಾಗಲಿಲ್ಲ. ಹದಿನಾರು ವರ್ಷಗಳಲ್ಲಿ ನಾವು ಒಗ್ಗಿಹೋಗಿದ್ದೆವು.

ನಡುವಿನ ಎರಡು ಘಟನೆಗಳನ್ನು ಹೇಳಿ ಮುಂದೆ ಹೋಗುತ್ತೇನೆ. 1999ರ ಕೊನೆಯಲ್ಲಿ ರಿಚರ್ಡ್ ಸ್ಮಿತ್ ಎಂಬ ಸಂಶೋಧಕರು ರಿಯಲ್‌ಜ್ಯೂಕ್‌ಬಾಕ್ಸ್ ಎಂಬ ಉಚಿತ ಸಂಗೀತದ ತಂತ್ರಾಂಶ, ಕೇಳುಗನು ಯಾವ ಹಾಡಿನ ತಟ್ಟೆಯನ್ನು ಹಾಕಿದನೆಂಬ ಸುದ್ದಿಯನ್ನು ಗುರುತಿನ ಸಂಖ್ಯೆಯೊಡನೆ ಕಂಪೆನಿಗೆ ಮುಟ್ಟಿಸುತ್ತಿದೆಯೆಂದು ತೋರಿಸಿಕೊಟ್ಟರು. ಕಂಪೆನಿ ಕ್ಷಮೆ ಕೇಳಿತು. 2004ರ ಏಪ್ರಿಲ್ 1ರಂದು ಗೂಗಲಿನ ಜಿಮೇಲ್ ಬಂದಿತು. ಉಳಿದವರು 2, 4 ಮೆಗಾಬೈಟು ಜಾಗ ಕೊಡುತ್ತಿದ್ದಾಗ ಅದು 1 ಗಿಗಾಬೈಟು ಕೊಟ್ಟಿತು; ಏಪ್ರಿಲ್ ಒಂದರ ತಮಾಷೆಯೆಂದೇ ಹಲವರು ಭಾವಿಸಿದರಂತೆ. ಪ್ರತಿಯಾಗಿ, ಓಲೆಯೊಳಗಿನ ಮಾತುಗಳನ್ನು ಯಂತ್ರ ಓದಿ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ನಿಲ್ಲಿಸುತ್ತಿತ್ತು. ಜಾಹೀರಾತಿಗಾಗಿ ಹೀಗೆ ಓದುವುದನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದ್ದು 2017ರ ಜೂನ್‌ನಲ್ಲಿ. ಇದನ್ನು ಗೂಗಲ್ ಮರೆಮಾಚಿರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ದೀಪದ ಬುಡದಲ್ಲಿ

ಜೇಬಿನ ಮೊಬೈಲು ಬಂದ ಮೇಲೆ ಕುಳಿತಲ್ಲಿ ಓದುವುದರ ಜೊತೆಗೆ ನಡೆದಾಡುವುದೂ ದಾಖಲೆಗೆ ಸಿಕ್ಕಿತು. 'ಬ್ರೈಟೆಸ್ಟ್ ಫ್ಲ್ಯಾಷ್‌ಲೈಟ್' ಎಂಬ ಉಚಿತ ಆ್ಯಪ್ ಒಂದಿತ್ತು. ಕೋಟಿಗಟ್ಟಲೆ ಜನ ಅದನ್ನು ಇಳಿಸಿಕೊಂಡಿದ್ದರು. ಮೊಬೈಲನ್ನು ಬ್ಯಾಟರಿ ದೀಪವಾಗಿ ಉರಿಸುವುದಷ್ಟೇ ಅದರ ಕೆಲಸ. ಕತ್ತಲೆಯಲ್ಲಿ ಮೆಟ್ಟಿಲು ತೋರಿಸುವ ದೀಪಕ್ಕೆ ನಮ್ಮ ಗುಟ್ಟು ಏತಕ್ಕೆ? 2013ರ ಡಿಸೆಂಬರಿನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆಪಾದನೆಯ ಪ್ರಕಾರ ಆ ದೀಪ ಬಳಕೆದಾರ ಇರುವ ಸ್ಥಳವನ್ನೂ ಅವನ ಉಪಕರಣದ ಗುರುತನ್ನೂ ಜಾಹೀರಾತಿನ ಜಾಲಗಳಿಗೆ ಕಳುಹಿಸುತ್ತಿತ್ತು. ಷರತ್ತುಗಳನ್ನು ಒಪ್ಪುವಿರೋ ಇಲ್ಲವೋ ಎಂದು ಕೇಳುವ ಪುಟ ಮೊದಲು ಕಾಣಿಸುತ್ತಿತ್ತು. ಆದರೆ ಉತ್ತರ ಕೊಡುವ ಮೊದಲೇ ಸುದ್ದಿ ಹೊರಟುಹೋಗಿರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಕ್ಕೀತೇ?

ಬೇಲಿ ಎದ್ದು ಹೊಲ ಮೇಯ್ದದ್ದು

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಕಲಕಿದ ಅಧ್ಯಾಯ ಅಮೆರಿಕದಲ್ಲಿ ಆರಂಭವಾದುದಲ್ಲ, ಪ್ರಾಗ್ ನಗರದಲ್ಲಿ. 1988ರಲ್ಲಿ ಅಲ್ಲಿನ ಗಣಿತಯಂತ್ರಗಳ ಸಂಶೋಧನಾಲಯದಲ್ಲಿದ್ದ ಪಾವೆಲ್ ಬೌದಿಷ್ ಅವರ ಕೈಗೆ 'ವಿಯೆನ್ನಾ' ಎಂಬ ವೈರಸ್ ತಗುಲಿದ ತಟ್ಟೆಯೊಂದು ಬಂದಿತು. ಅದನ್ನು ಕಳೆಯುವ ತಂತ್ರಾಂಶವನ್ನು ಅವರು ಬರೆದರು. ಸಹೋದ್ಯೋಗಿ ಎಡ್ವರ್ಡ್ ಕುಚೆರಾ ಅವರೊಡನೆ ಸೇರಿ ಒಂದು ಸಹಕಾರಿ ಸಂಘವನ್ನು ಮಾಡಿಕೊಂಡರು. ಆಗ ಚೆಕೊಸ್ಲೊವಾಕಿಯಾದಲ್ಲಿ ಕಮ್ಯೂನಿಸ್ಟ್ ಆಳ್ವಿಕೆ. ಗುಪ್ತ ಪೊಲೀಸರು ಪ್ರಜೆಗಳ ಮೇಲೆ ಕಡತಗಳನ್ನು ಬೆಳೆಸುತ್ತಿದ್ದ ಕಾಲ. 1989ರ ನವೆಂಬರಿನಲ್ಲಿ ಆ ಆಳ್ವಿಕೆ ಉರುಳಿತು. ಬೌದಿಷ್ ಮತ್ತು ಕುಚೆರಾ ಅವರ ಉದ್ಯಮ ಬೆಳೆಯಿತು. 2001ರಲ್ಲಿ, ದೊಡ್ಡ ಪೈಪೋಟಿಯ ನಡುವೆ ಉಳಿಯುವ ಉಪಾಯವಾಗಿ, ಅವರು ತಮ್ಮ 'ಅವಾಸ್ಟ್' ತಂತ್ರಾಂಶವನ್ನು ಮನೆಬಳಕೆಗೆ ಉಚಿತವಾಗಿ ಕೊಟ್ಟರು. ಅದು ಲೋಕವನ್ನೇ ತುಂಬಿತು. ಮುಂದೆ ಕಂಪೆನಿ ಹೇಳಿಕೊಂಡಂತೆ ತಿಂಗಳಿಗೆ 43.5 ಕೋಟಿಗೂ ಮೀರಿದ ಬಳಕೆದಾರರು.

ವೈರಸ್ ಕಾಯುವ ತಂತ್ರಾಂಶ ಮನೆಯ ಕಾವಲುಗಾರನಿದ್ದಂತೆ. ಯಾವ ಬಾಗಿಲು ತೆರೆಯಿತು, ಯಾರು ಬಂದರು ಎಂಬುದನ್ನು ಅವನು ನೋಡಲೇಬೇಕು, ನೋಡದಿದ್ದರೆ ಕಾಯುವುದೆಂತು? ಹಾಗೆ ನೋಡಿದ್ದನ್ನು ಅವಾಸ್ಟ್ 2014ರಿಂದ 'ಜಂಪ್‌ಷಾಟ್' ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರತೊಡಗಿತು. ಯಾವ ಯಾವ ಪುಟವನ್ನು ಯಾವ ಕ್ಷಣದಲ್ಲಿ ನೋಡಿದರೆಂಬುದೆಲ್ಲ ಅದರಲ್ಲಿತ್ತು: ರೋಗದ ಬಗೆಗಿನ ಹುಡುಕಾಟ, ಸಾಲದ ವಿಚಾರ, ದೇವರು, ರಾಜಕೀಯ. ಕೊಂಡವರು 100ಕ್ಕೂ ಹೆಚ್ಚು ಸಂಸ್ಥೆಗಳು. ಕಮಿಷನ್ನಿನ ಲೆಕ್ಕದಲ್ಲಿ ಜಂಪ್‌ಷಾಟಿನ ಉಗ್ರಾಣದಲ್ಲಿದ್ದದ್ದು 8 ಪೆಟಾಬೈಟಿಗೂ ಹೆಚ್ಚು. ಅಂದರೆ 80 ಲಕ್ಷ ಗಿಗಾಬೈಟು. ಇದೇ ಅವಧಿಯಲ್ಲಿ ಕಂಪೆನಿ ತನ್ನ ತಂತ್ರಾಂಶವನ್ನು, ನಿಮ್ಮ ಬೆನ್ನುಹತ್ತುವವರಿಂದ ನಿಮ್ಮನ್ನು ರಕ್ಷಿಸುತ್ತದೆ ಎಂದು ಪ್ರಚಾರ ಮಾಡುತ್ತಿತ್ತು.

2019ರ ಅಕ್ಟೋಬರಿನಲ್ಲಿ ವ್ಲಾಡಿಮಿರ್ ಪಲಾಂಟ್ ಎಂಬ ಸಂಶೋಧಕರು ಬ್ರೌಸರಿಗೆ ಜೋಡಿಸುವ ಅವಾಸ್ಟ್ ತಂತ್ರಾಂಶ ಏನೇನು ಸಾಗಿಸುತ್ತಿದೆಯೆಂದು ಬಿಡಿಸಿ ತೋರಿಸಿದರು. 2020ರ ಜನವರಿಯಲ್ಲಿ 'ಮದರ್‌ಬೋರ್ಡ್' ಮತ್ತು 'ಪಿಸಿಮ್ಯಾಗ್' ಪತ್ರಿಕೆಗಳು ಜಂಪ್‌ಷಾಟಿನ ವ್ಯಾಪಾರವನ್ನು ಬಯಲಿಗೆಳೆದವು. ಮೂರೇ ದಿನಗಳಲ್ಲಿ ಅವಾಸ್ಟ್ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. 2024ರ ಫೆಬ್ರುವರಿಯಲ್ಲಿ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ತೆರಬೇಕೆಂದೂ, ಇನ್ನು ಮುಂದೆ ಇಂಥ ದಾಖಲೆಯನ್ನು ಜಾಹೀರಾತಿಗಾಗಿ ಮಾರಕೂಡದೆಂದೂ ಕಟ್ಟುಮಾಡಿತು. ಅದೇ ವರ್ಷ ಚೆಕ್ ದೇಶದ ದತ್ತಾಂಶ ರಕ್ಷಣೆಯ ಅಧಿಕಾರಿಗಳೂ 35 ಕೋಟಿ 10 ಲಕ್ಷ ಕೊರುನಾ ದಂಡ ವಿಧಿಸಿದರು.

ಗುಪ್ತ ಪೊಲೀಸರ ಕಡತಗಳಿಂದ ಬಿಡುಗಡೆ ಹೊಂದಿದ ಊರಿನಲ್ಲೇ ಇಂಥದ್ದೊಂದು ಉಗ್ರಾಣ ಹುಟ್ಟಿತು. ಎರಡೂ ಒಂದೇ ಎನ್ನುವುದು ಅತಿರೇಕವಾದೀತು. ಪೊಲೀಸರ ಕಡತದಿಂದ ಜನ ಸೆರೆಮನೆ ಸೇರಿದರು, ಇದರಿಂದ ಹಾಗಾಗಲಿಲ್ಲ. ಆದರೆ ಒಂದು ವ್ಯತ್ಯಾಸ ಬೇರೆ ದಿಕ್ಕಿನಲ್ಲೂ ಇದೆ. ಆ ಕಡತವನ್ನು ಬರೆಯಲು ಸರ್ಕಾರ ಗೂಢಚಾರರಿಗೆ ಸಂಬಳ ಕೊಡಬೇಕಾಗಿತ್ತು. ಇದನ್ನು ಬರೆದವರು ನಾವೇ, ಕೂಲಿಯಿಲ್ಲದೆ.

"ನನ್ನದೇನಿದೆ ಮುಚ್ಚಿಡುವಂಥದ್ದು?"

ಈ ವಿಷಯವನ್ನು ಪ್ರಸ್ತಾಪಿಸಿದಾಗ ನನ್ನ ಹಿರಿಯ ಮಿತ್ರರೊಬ್ಬರು, "ನಾನು ಕಳ್ಳನೂ ಅಲ್ಲ, ಸುಳ್ಳನೂ ಅಲ್ಲ. ನನ್ನದೇನಿದೆ ಸ್ವಾಮಿ ಮುಚ್ಚಿಡುವಂಥದ್ದು? ನೋಡುವವರು ನೋಡಿಕೊಳ್ಳಲಿ" ಎಂದರು. ಇದು ಅನೇಕರ ಮಾತು. ನಾನು ಅವರಿಗೆ ಅಂಚೆಯ ಕಾರ್ಡು, ಕವರುಗಳ ಕಾಲವನ್ನು ನೆನಪಿಸಿದೆ. ಮಳೆ ಬೆಳೆ ಸಮಾಚಾರವನ್ನು ಕಾರ್ಡಿನಲ್ಲಿ ಬರೆಯುತ್ತಿದ್ದೆವು. ಮಗಳ ಮದುವೆಯ ಮಾತುಕತೆ, ತಮ್ಮನ ಸಾಲ, ಅಮ್ಮನ ಕಾಯಿಲೆ ಇವನ್ನು ಕವರಿಗೆ ಹಾಕಿ ಅಂಟಿಸುತ್ತಿದ್ದೆವು. ಕವರಿನ ಬೆಲೆ ಕಾರ್ಡಿಗಿಂತ ಹೆಚ್ಚು. ಬಡವರೂ ಅದನ್ನು ತೆತ್ತರು. ಅವರು ಯಾವ ಅಪರಾಧವನ್ನೂ ಮುಚ್ಚಿಡುತ್ತಿರಲಿಲ್ಲ. ಸಂಸಾರದ ಮಾತು ಸಂಸಾರದಲ್ಲಿರಲಿ ಎಂಬ ಮರ್ಯಾದೆ, ಅಷ್ಟೆ. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕವರಿನ ಮೇಲೆ ಹೆಸರಿಲ್ಲದಿದ್ದರೆ?" ಎಂದರು.

ಕಂಪೆನಿಗಳು ಹೇಳುವುದೂ ಇದನ್ನೇ: ಹೆಸರನ್ನು ತೆಗೆದುಹಾಕಿದ್ದೇವೆ, ಉಳಿದಿರುವುದು ಸಂಖ್ಯೆ ಮಾತ್ರ. 2006ರ ಆಗಸ್ಟಿನಲ್ಲಿ ಎಒಎಲ್ ಎಂಬ ಅಮೆರಿಕದ ಕಂಪೆನಿ ಸಂಶೋಧಕರಿಗೆ ನೆರವಾಗಲೆಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಹೆಸರು ತೆಗೆದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ವರದಿಗಾರರು ಒಂದು ಸಂಖ್ಯೆಯ ಹುಡುಕಾಟಗಳನ್ನು ಓದುತ್ತ ಓದುತ್ತ ಅದರ ಹಿಂದಿದ್ದ ಮಹಿಳೆಯನ್ನು ಪತ್ತೆಮಾಡಿಬಿಟ್ಟರು. ಜಂಪ್‌ಷಾಟಿನ ವಿಷಯದಲ್ಲೂ ಹೀಗೆಯೇ. ಇಂಥ ಉಪಕರಣ ಇಂಥ ಅಂಗಡಿಯಲ್ಲಿ ಇಂಥ ಸೆಕೆಂಡಿನಲ್ಲಿ ಇಂಥ ಸಾಮಾನು ಕೊಂಡಿತು ಎಂದು ದಾಖಲೆಯಲ್ಲಿದ್ದರೆ, ಆ ಸೆಕೆಂಡಿನಲ್ಲಿ ಕೊಂಡವರು ಯಾರೆಂಬುದು ಅಂಗಡಿಯ ಖಾತೆಯಲ್ಲಿದೆ. ಒಂದು ಸಲ ಹೊಂದಿಸಿದರೆ ಸಾಕು. ಆ ಉಪಕರಣದ ಉಳಿದೆಲ್ಲ ನಡೆಯೂ ಆ ಹೆಸರಿಗೆ ಸೇರುತ್ತದೆ. ಬೆರಳಿನ ಗುರುತಿನಂತೆ ನಮ್ಮ ಅಭ್ಯಾಸಗಳ ಗುರುತೂ ನಮ್ಮೊಬ್ಬರದೇ ಆಗಿರುತ್ತದೆ.

ಒಪ್ಪಿಗೆ ಎಂಬ ಮಾತು

ನಮ್ಮ ದೇಶದ ನ್ಯಾಯಾಲಯಗಳು ಈ ಮರ್ಯಾದೆಗೆ ಹಕ್ಕೆಂಬ ಹೆಸರು ಕೊಡಲು ಬಹುಕಾಲ ಹಿಡಿಯಿತು. 1962ರ ಡಿಸೆಂಬರಿನಲ್ಲಿ ಖರಕ್ ಸಿಂಗ್ ಮೊಕದ್ದಮೆಯಲ್ಲಿ, ರಾತ್ರಿವೇಳೆ ಪೊಲೀಸರು ಮನೆಯ ಬಾಗಿಲು ತಟ್ಟಕೂಡದೆಂದು ಸುಪ್ರೀಂ ಕೋರ್ಟ್ ಹೇಳಿತಾದರೂ, ಖಾಸಗಿತನ ಸಂವಿಧಾನದ ಹಕ್ಕಲ್ಲವೆಂದಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ಬರೆದು, ಅದು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದರು. ಅರ್ಧ ಶತಮಾನ ಕಳೆದ ಮೇಲೆ, 2012ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆಗ ಅವರಿಗೆ 86 ವರ್ಷ. ಮೊಮ್ಮಕ್ಕಳೊಡನೆ ಕೂರುವ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ನ್ಯಾಯಗ್ರಂಥಗಳಲ್ಲಿ ಉಳಿದಿದೆ.

ಆ ತೀರ್ಪಿನ ಬೆನ್ನಲ್ಲಿ ಬಂದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು, ನಮ್ಮ ಮಾಹಿತಿಯನ್ನು ಪಡೆಯುವವರು ನಮ್ಮ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಆ ಒಪ್ಪಿಗೆ ಒತ್ತಾಯವಿಲ್ಲದ್ದೂ, ತಿಳಿದು ಕೊಟ್ಟದ್ದೂ ಆಗಿರಬೇಕು. ಕೇಳುವ ಮಾತು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೊರೆಯಬೇಕು. ಅಂದರೆ ಕನ್ನಡದಲ್ಲೂ ದೊರೆಯಬೇಕು. ಇದಕ್ಕೆ ಬೇಕಾದ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು ಗೊತ್ತಾಯಿತು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ಭಾಷೆ ನಮ್ಮದಾದ ಮಾತ್ರಕ್ಕೆ ಓದುವ ವ್ಯವಧಾನ ಬಂದೀತೇ? ಜಾಲದಲ್ಲಿ ತಾನು ಹೋಗುವ ತಾಣಗಳ ನಿಯಮಾವಳಿಯನ್ನೆಲ್ಲ ಓದಹೊರಟ ಒಬ್ಬ ಅಮೆರಿಕನ್ನನಿಗೆ ವರ್ಷಕ್ಕೆ ಸುಮಾರು 200 ಗಂಟೆ ಬೇಕೆಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು 2008ರಲ್ಲೇ ಅಂದಾಜು ಮಾಡಿದ್ದರು.

ಯೂರೋಪಿನಲ್ಲಿ ಈ ಕಥೆ ಇನ್ನೊಂದು ತಿರುವನ್ನು ಕಂಡಿತು. ಅಲ್ಲಿನ ಕಟ್ಟುನಿಟ್ಟಿನ ಕಾನೂನಿಗೆ ಸಿಕ್ಕಿದ ಮೆಟಾ ಕಂಪೆನಿ 2023ರ ನವೆಂಬರಿನಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಸುವವರ ಮುಂದೆ ಎರಡು ದಾರಿ ಇಟ್ಟಿತು: ಬೆನ್ನುಹತ್ತುವ ಜಾಹೀರಾತಿಗೆ ಒಪ್ಪಿರಿ, ಇಲ್ಲವೇ ಗಣಕದಲ್ಲಿ ಬಳಸಲು ತಿಂಗಳಿಗೆ 9.99 ಯೂರೋ ಕೊಡಿರಿ. ಮರುವರ್ಷ ಅದನ್ನು 5.99ಕ್ಕೆ ಇಳಿಸಿತು. 2025ರ ಏಪ್ರಿಲಿನಲ್ಲಿ ಯೂರೋಪಿಯನ್ ಕಮಿಷನ್, ಮೊದಲಿನ ಆ ಏರ್ಪಾಡಿನಲ್ಲಿ ಕೊಟ್ಟ ಒಪ್ಪಿಗೆ ಸ್ವತಂತ್ರವಾದ ಒಪ್ಪಿಗೆಯಲ್ಲವೆಂದು 20 ಕೋಟಿ ಯೂರೋ ದಂಡ ಹಾಕಿತು. ಸರಿ ತಪ್ಪು ಹೇಗಾದರೂ ಇರಲಿ, ನನಗೆ ಆ 9.99 ಎಂಬ ಅಂಕಿ ಮುಖ್ಯವಾಗಿ ಕಾಣುತ್ತದೆ. ಎಷ್ಟೋ ವರ್ಷ ಬೆಲೆಯೇ ಇಲ್ಲವೆಂದು ಹೇಳುತ್ತ ಬಂದ ಸರಕಿಗೆ ಒಂದು ದಿನ ಬೆಲೆಯ ಚೀಟಿ ಅಂಟಿತು. ಇಷ್ಟು ಕಾಲ ನಾವು ತೆರುತ್ತಿದ್ದುದರ ಮೊತ್ತವನ್ನು, ಅಂದಾಜಿಗಾದರೂ, ಕಂಪೆನಿಯೇ ಬರೆದು ತೋರಿಸಿದಂತಾಯಿತು. ಬೆಲೆ ಇರುವುದು ದೋಷವಲ್ಲ. ದುಡಿದವನಿಗೆ ಕೂಲಿ ಬೇಕೆಂದ ತರುಣ ಗೇಟ್ಸರ ಮಾತು ಇಂದಿಗೂ ನ್ಯಾಯವಾದುದೇ. ಎಷ್ಟು ತೆರುತ್ತಿದ್ದೇವೆ, ಯಾರಿಗೆ ತೆರುತ್ತಿದ್ದೇವೆ ಎಂಬುದನ್ನು ಹೇಳದೆ ವಸೂಲು ಮಾಡುವುದು ದೋಷ. ಕೊಟ್ಟ ಹಣವನ್ನು ಜಗಳವಾಡಿ ಹಿಂದಕ್ಕೆ ಪಡೆಯಬಹುದು. ನೂರು ಕೈಗೆ ಹೋದ ಮನೆಯ ಮಾತನ್ನು ಹಿಂದಕ್ಕೆ ಪಡೆಯುವಂತಿಲ್ಲ.

ರುದ್ರದಾಮನ ಶಾಸನದ 'ಪ್ರಣಯ'ವನ್ನು ಈಗ ಹೇಳಬಹುದು. ಕರವೆಂದರೆ ಗೊತ್ತಾದ ತೆರಿಗೆ. ವಿಷ್ಟಿಯೆಂದರೆ ಕೂಲಿಯಿಲ್ಲದ ದುಡಿಮೆ. ಪ್ರಣಯವೆಂದರೆ ಪ್ರಜೆಗಳು 'ಪ್ರೀತಿಯಿಂದ' ಅರಸನಿಗೆ ಒಪ್ಪಿಸುವ ಕಾಣಿಕೆ. ಹೆಸರು ಪ್ರೀತಿಯದು, ಕೊಡದೆ ಇರುವಂತಿಲ್ಲ. ನಮ್ಮ ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಮೂಡುವ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುವಾಗ ನನಗೆ ಆ ಹಳೆಯ ಶಬ್ದ ನೆನಪಾಗುತ್ತದೆ. ಒಬ್ಬ ಅರಸ ತಾನು ಅದನ್ನು ಕೇಳಲಿಲ್ಲವೆಂಬುದನ್ನು ಹೆಮ್ಮೆಯ ವಿಷಯವಾಗಿ ಬಂಡೆಯ ಮೇಲೆ ಕೆತ್ತಿಸಿದ. ಓದುವವರು ಇಂದಿಗೂ ಓದಬಹುದು. ಪುಕ್ಕಟೆ ದೀಪ, ಪುಕ್ಕಟೆ ಕಾವಲು ಕೊಡುವ ಇಂದಿನ ಒಡೆಯರೂ ತಾವು ಏನನ್ನು ತೆಗೆದುಕೊಳ್ಳುತ್ತೇವೆ, ಏನನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಅಷ್ಟೇ ಚಿಕ್ಕದಾಗಿ, ಅಷ್ಟೇ ಬಯಲಿನಲ್ಲಿ, ಬರೆದು ನಿಲ್ಲಿಸಲಿ. ಬಿಟ್ಟಿ ಬೇಕೋ ಬೇಡವೋ ಎಂಬುದನ್ನು ಆಮೇಲೆ ನಾವು ನೋಡಿಕೊಳ್ಳೋಣ.